ಆ ದನಿಗಳನ್ನು ಅಳಿಸಬೇಡಿ: ರೇಡಿಯೋ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ರೇಡಿಯೋ ನಡೆಸುತ್ತಿರುವ ಎಲ್ಲರಿಗೂ, ಅಂದರೆ ಕೇಂದ್ರಗಳ ಮುಖ್ಯಸ್ಥರಿಗೆ, ಕಾರ್ಯಕ್ರಮ ರೂಪಿಸುವವರಿಗೆ, ಎಫ್‌ಎಂ ವಾಹಿನಿಗಳವರಿಗೆ, ಸಮುದಾಯ ಬಾನುಲಿ ನಡೆಸುವ ಗೆಳೆಯರಿಗೆ,

ನಮಸ್ಕಾರ.

ನಾನು ನಿಮ್ಮ ಹಳೆಯ ಕೇಳುಗ. ನಮ್ಮ ಮನೆಯಲ್ಲಿ ರೇಡಿಯೋ ಇರುತ್ತಿದ್ದದ್ದು ಅಡುಗೆಮನೆಯ ಗೂಡಿನಲ್ಲಿ. ಅದರ ಮುಂದೆ ಯಾರೂ ಕೂರುತ್ತಿರಲಿಲ್ಲ. ಆದರೆ ಎಲ್ಲರೂ ಕೇಳುತ್ತಿದ್ದೆವು. ಅಮ್ಮ ಕಾಯಿ ತುರಿಯುತ್ತಾ, ಅಪ್ಪ ಗಡ್ಡ ಹೆರೆಯುತ್ತಾ, ನಾವು ಹೋಂವರ್ಕ್ ಮಾಡುವ ಹಾಗೆ ಕಾಣಿಸಿಕೊಳ್ಳುತ್ತಾ. ಯಾರಾದರೂ ಒಳ್ಳೆಯ ಹಾಸ್ಯ ಭಾಷಣ ಮಾಡಿದರೆ ಮೂರು ಕೋಣೆಗಳಿಂದ ಒಟ್ಟಿಗೇ ನಗು ಬರುತ್ತಿತ್ತು.

ಈ ಪತ್ರದಲ್ಲಿ ಒಂದು ಬೇಡಿಕೆ ಇದೆ. ರೇಡಿಯೋದಲ್ಲಿ ಕತೆ ಹೇಳಿ ನಗಿಸಿದವರ ದನಿ ನಿಮ್ಮ ಹತ್ತಿರ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ಅಳಿಸಬೇಡಿ. ಅದು ಟೇಪಿನಲ್ಲಿರಬಹುದು, ಕ್ಯಾಸೆಟ್ಟಿನಲ್ಲಿರಬಹುದು, ಯಾವುದೋ ಹಾರ್ಡ್ ಡಿಸ್ಕಿನ ಮೂಲೆಯಲ್ಲಿರಬಹುದು. ಜಾಗ ಇಲ್ಲ ಅಂತ ಎಸೆಯಬೇಡಿ. ಅದನ್ನು ಹೊರಗೆ ತನ್ನಿ.

ಯಾಕೆ ಇಷ್ಟು ಕಳಕಳಿ ಅಂತ ಹೇಳಬೇಕಾದರೆ ಅಮೆರಿಕದ ಒಬ್ಬ ರೇಡಿಯೋ ಕತೆಗಾರರ ವಿಷಯ ಹೇಳಬೇಕು. ಅವರ ಹೆಸರು ಜೀನ್ ಶೆಪರ್ಡ್. ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವರ ದೇಶದಲ್ಲೂ ಈಗಿನ ಹುಡುಗರಿಗೆ ಅವರ ಹೆಸರಿಗಿಂತ ಅವರು ಬರೆದ ಒಂದು ಸಿನಿಮಾ ಜಾಸ್ತಿ ಗೊತ್ತು. ಆದರೆ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಮೈಕಿನ ಮುಂದೆ ಒಬ್ಬರೇ ಕೂತು, ಕೈಯಲ್ಲಿ ಬರೆದ ಭಾಷಣ ಇಲ್ಲದೆ, ರಾತ್ರಿ ರಾತ್ರಿ ಕತೆ ಹೇಳಿದವರು.

ಶೆಪರ್ಡ್ ಹುಟ್ಟಿದ್ದು 1921ರ ಜುಲೈ 26ರಂದು, ಶಿಕಾಗೋದಲ್ಲಿ. ಬೆಳೆದದ್ದು ಪಕ್ಕದ ಇಂಡಿಯಾನಾ ರಾಜ್ಯದ ಹ್ಯಾಮಂಡ್ ಎಂಬ ಊರಿನಲ್ಲಿ. ಉಕ್ಕಿನ ಕಾರ್ಖಾನೆಗಳ, ಎಣ್ಣೆ ಶುದ್ಧೀಕರಣ ಘಟಕಗಳ ಸೀಮೆ ಅದು. ಅವರ ಬಾಲ್ಯಕ್ಕೂ 1930ರ ದಶಕದ ಮಹಾ ಆರ್ಥಿಕ ಕುಸಿತಕ್ಕೂ ಒಂದೇ ಕಾಲ. ಅಪ್ಪ ಹಾಲಿನ ಕಂಪನಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದರು. ಸಾಧಾರಣ ಮನೆ, ಸಾಧಾರಣ ಸ್ಕೂಲು. 1939ರಲ್ಲಿ ಹೈಸ್ಕೂಲು ಮುಗಿಯಿತು. ಉಕ್ಕಿನ ಕಾರ್ಖಾನೆಯಲ್ಲಿ ವಿಭಾಗದಿಂದ ವಿಭಾಗಕ್ಕೆ ಟಪಾಲು ಹಂಚುವ ಹುಡುಗನಾಗಿ ಕೆಲಸ ಮಾಡಿದ್ದನ್ನು ಆಮೇಲೆ ಎಷ್ಟೋ ಕತೆಗಳಲ್ಲಿ ಹೇಳಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್ ಸೇರಿದರು. ಯುದ್ಧಭೂಮಿಗೆ ಹೋಗಲಿಲ್ಲ, ದೇಶದೊಳಗಿನ ಶಿಬಿರಗಳಲ್ಲೇ ಇದ್ದರು. ಅಲ್ಲಿಯ ಊಟದ ಸಾಲು, ಸೊಳ್ಳೆ, ಬಿಸಿಲು, ಅರ್ಥವಿಲ್ಲದ ಆರ್ಡರುಗಳು, ಇವೆಲ್ಲ ಮುಂದೆ ಮೈಕಿನ ಮುಂದೆ ಕತೆಗಳಾದವು.

ರೇಡಿಯೋದ ಹುಚ್ಚು ಹಿಡಿದದ್ದು ಇನ್ನೂ ಮೊದಲು. ಹುಡುಗನಾಗಿದ್ದಾಗಲೇ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ಮನೆಯಿಂದಲೇ ದೂರದವರ ಜೊತೆ ಮಾತಾಡುವ ರೇಡಿಯೋದ ಪರವಾನಗಿ ತೆಗೆದುಕೊಂಡಿದ್ದರು. ಸಾಯುವ ತನಕ ಆ ಗೀಳು ಬಿಡಲಿಲ್ಲ. ಕೆ2ಓಆರ್‌ಎಸ್ ಅನ್ನುವ ಪರವಾನಗಿ ಸಂಕೇತ ಅಂದರೆ ಶೆಪರ್ಡ್ ಅಂತ ಹ್ಯಾಮ್ ಬಳಗಕ್ಕೆಲ್ಲ ಗೊತ್ತಿತ್ತು. ಈ ವಿಷಯ ನನಗೆ ಮುಖ್ಯ ಅನ್ನಿಸುತ್ತದೆ. ರಾತ್ರಿ ಹೊತ್ತು ಕತ್ತಲಲ್ಲಿ ಕೂತು, ಎಲ್ಲೋ ದೂರದಲ್ಲಿರುವ ಒಬ್ಬ ಅಪರಿಚಿತನ ಜೊತೆ ಮಾತಾಡುವ ಅಭ್ಯಾಸ ಅವರಿಗೆ ಚಿಕ್ಕಂದಿನಿಂದಲೇ ಇತ್ತು. ಮುಂದೆ ಲಕ್ಷಾಂತರ ಜನ ಕೇಳುವಾಗಲೂ ಅವರು ಮಾತಾಡಿದ್ದು ಹಾಗೆಯೇ, ಒಬ್ಬರಿಗೇ ಹೇಳುವ ಹಾಗೆ.

ಯುದ್ಧ ಮುಗಿದ ಮೇಲೆ ಸಿನ್ಸಿನಾಟಿ, ಫಿಲಡೆಲ್ಫಿಯಾ ಅಂತ ಕೆಲವು ಊರುಗಳ ರೇಡಿಯೋಗಳಲ್ಲಿ ಪಳಗಿದರು. 1955ರಲ್ಲಿ ನ್ಯೂಯಾರ್ಕಿನ ಡಬ್ಲ್ಯೂಓಆರ್ ಕೇಂದ್ರಕ್ಕೆ ಬಂದರು. 50,000 ವಾಟ್‌ಗಳ ಕೇಂದ್ರ. ರಾತ್ರಿ ಮಧ್ಯಮ ತರಂಗ ಎಷ್ಟು ದೂರ ಹೋಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಕ್ಕಪಕ್ಕದ ರಾಜ್ಯಗಳಲ್ಲೆಲ್ಲ ಅವರ ದನಿ ಕೇಳುತ್ತಿತ್ತು. ಸ್ಕೂಲು ಹುಡುಗರು ಟ್ರಾನ್ಸಿಸ್ಟರನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಕೇಳುತ್ತಿದ್ದರಂತೆ. ನಾಳೆ ಬೆಳಿಗ್ಗೆ ಸ್ಕೂಲಿದೆ, ಮಲಗು ಅಂತ ಅಪ್ಪ ಅಮ್ಮ ದೀಪ ಆರಿಸಿ ಹೋದ ಮೇಲೆ.

ಮೊದಮೊದಲು ಅವರಿಗೆ ಸಿಕ್ಕಿದ್ದು ನಡುರಾತ್ರಿ ದಾಟಿದ ಮೇಲಿನ ಹೊತ್ತು. ಆ ಹೊತ್ತಿನಲ್ಲಿ ಎಚ್ಚರ ಇರುವವರು ಯಾರು? ರಾತ್ರಿ ಪಾಳಿಯವರು, ಡ್ರೈವರುಗಳು, ಸಂಗೀತಗಾರರು, ನಿದ್ದೆ ಬಾರದವರು. ಶೆಪರ್ಡ್ ಇವರನ್ನು ರಾತ್ರಿಯ ಜನ ಅಂತ ಕರೆದರು. ಪಟ್ಟಿ, ಫೈಲು, ಮೀಟಿಂಗುಗಳಲ್ಲಿ ನಂಬಿಕೆ ಇಟ್ಟು ಬೇಗ ಮಲಗುವವರು ಹಗಲಿನ ಜನ. ಈ ರಾತ್ರಿಯ ಜನರನ್ನು ಕಟ್ಟಿಕೊಂಡು ಅವರು 1956ರಲ್ಲಿ ಮಾಡಿದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಕೇಳುಗ ಅಂದರೆ ಯಾರು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.

ಅವರು ಹೇಳುತ್ತಿದ್ದ ಪ್ರಕಾರ, ಒಮ್ಮೆ ಯಾವುದೋ ಪುಸ್ತಕ ಕೇಳಿಕೊಂಡು ಅಂಗಡಿಗೆ ಹೋದರು. ಅಂಗಡಿಯವನು ಪಟ್ಟಿ ನೋಡಿ, ಇದರಲ್ಲಿ ಇಲ್ಲ, ಅಂದಮೇಲೆ ಅಂಥ ಪುಸ್ತಕವೇ ಇಲ್ಲ ಅಂದ. ಶೆಪರ್ಡ್‌ಗೆ ಇದು ಹತ್ತಲಿಲ್ಲ. ಆ ರಾತ್ರಿ ಕೇಳುಗರಿಗೆ ಹೇಳಿದರು: ನಾಳೆ ಎಲ್ಲರೂ ಪುಸ್ತಕದಂಗಡಿಗೆ ಹೋಗಿ, ಇಲ್ಲದೇ ಇರುವ ಒಂದು ಪುಸ್ತಕ ಕೇಳೋಣ. ಹೆಸರು 'ಐ, ಲಿಬರ್ಟೀನ್'. ಬರೆದವರು ಫ್ರೆಡರಿಕ್ ಆರ್. ಯೂಯಿಂಗ್ ಅನ್ನುವ ವಿದ್ವಾಂಸ. ಪುಸ್ತಕವೂ ಇಲ್ಲ, ಲೇಖಕನೂ ಇಲ್ಲ. ಸುಮ್ನೆ ಹುಟ್ಟಿಸಿದ ಹೆಸರುಗಳು. ಮರುದಿನದಿಂದ ಅಂಗಡಿ ಅಂಗಡಿಯಲ್ಲೂ ಜನ ಕೇಳಲು ಶುರು ಮಾಡಿದರು. ಅಂಗಡಿಯವರು ವಿತರಕರನ್ನು ಕೇಳಿದರು. ವಿತರಕರು ಪ್ರಕಾಶಕರನ್ನು ಕೇಳಿದರು. ವಾರಗಳು ಕಳೆದವು, ಗುಟ್ಟು ಹೊರಗೆ ಬರಲಿಲ್ಲ. ಸಾವಿರಾರು ಕೇಳುಗರಿಗೆ ಗೊತ್ತಿದ್ದ ಗುಟ್ಟು ಅದು! ಕೊನೆಗೆ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಅದನ್ನು ಬಯಲು ಮಾಡಿತು. ಅಷ್ಟರಲ್ಲಿ ಬ್ಯಾಲಂಟೈನ್ ಪ್ರಕಾಶನದವರು ಆ ಪುಸ್ತಕವನ್ನು ನಿಜವಾಗಿಯೂ ಬರೆಸಲು ಮುಂದೆ ಬಂದಿದ್ದರು. ವಿಜ್ಞಾನ ಕತೆಗಳ ಲೇಖಕ ಥಿಯೋಡರ್ ಸ್ಟರ್ಜನ್ ಒಂದೇ ಉಸಿರಿಗೆ ಬರೆಯಲು ಕೂತು, ಮುಗಿಯುವ ಮೊದಲೇ ಸೋಫಾದ ಮೇಲೆ ನಿದ್ದೆ ಹೋದರಂತೆ. ಕೊನೆಯ ಅಧ್ಯಾಯವನ್ನು ಬೆಟ್ಟಿ ಬ್ಯಾಲಂಟೈನ್ ಬರೆದು ಮುಗಿಸಿದರು. ಅದೇ ವರ್ಷ ಪುಸ್ತಕ ಹೊರಬಂತು. ಅದರ ದುಡ್ಡು ದಾನಕ್ಕೆ ಹೋಯಿತು.

ಇದನ್ನು ಕೇವಲ ತಮಾಷೆ ಅಂತ ನೋಡಬೇಡಿ. ಒಬ್ಬರ ಮುಖ ಒಬ್ಬರು ನೋಡದ ಜನ, ಒಂದು ದನಿಯನ್ನು ನಂಬಿಕೊಂಡು, ಒಂದೇ ಕೆಲಸ ಮಾಡಿದರು. ಇನ್ನೊಂದು ರೂಢಿಯೂ ಇತ್ತು. ರೇಡಿಯೋವನ್ನು ಕಿಟಕಿಯ ಹತ್ತಿರ ಇಡಿ, ವಾಲ್ಯೂಮ್ ಪೂರ್ತಿ ಜಾಸ್ತಿ ಮಾಡಿ ಅನ್ನುತ್ತಿದ್ದರು. ಆಮೇಲೆ ಮೈಕಿನಲ್ಲಿ ಜೋರಾಗಿ ಕೂಗುತ್ತಿದ್ದರು. ಊರಿಗೆ ಊರೇ ಮಲಗಿರುವಾಗ ಅಲ್ಲೊಂದು ಇಲ್ಲೊಂದು ಕಿಟಕಿಯಿಂದ ಅದೇ ದನಿ ಬೀದಿಗೆ ಬೀಳುತ್ತಿತ್ತು. ಪಕ್ಕದ ಬೀದಿಯಲ್ಲೂ ನಮ್ಮವರು ಒಬ್ಬರಿದ್ದಾರೆ ಅಂತ ಆಗ ಗೊತ್ತಾಗುತ್ತಿತ್ತು.

ಆಡಳಿತದವರಿಗೆ ಮಾತ್ರ ಇವರು ತಲೆನೋವು. ಜಾಹೀರಾತು ತರುವ ಆಸಾಮಿ ಅಲ್ಲ ಅಂತ ಅದೇ ವರ್ಷ ಅವರನ್ನು ಕಳಿಸಿಬಿಡುವ ಮಾತು ಬಂತು. ಆಗ ಶೆಪರ್ಡ್ ಒಂದು ಕೆಲಸ ಮಾಡಿದರು. ಸ್ವೀಟ್‌ಹಾರ್ಟ್ ಎಂಬ ಸೋಪಿಗೆ, ಆ ಕಂಪನಿ ಒಂದು ಕಾಸೂ ಕೊಡದಿದ್ದರೂ, ತಾವೇ ಜಾಹೀರಾತು ಹೇಳಿದರು. ಕೇಂದ್ರದವರು ಕೆಲಸದಿಂದ ತೆಗೆದರು. ಕೇಳುಗರು ಪ್ರತಿಭಟನೆ ಮಾಡಿದರು. ಸೋಪಿನ ಕಂಪನಿಯೇ ಪ್ರಾಯೋಜಕರಾಗಲು ಮುಂದೆ ಬಂತು. ಶೆಪರ್ಡ್ ವಾಪಸ್ ಬಂದರು.

ಹೀಗೆ ಉಳಿದುಕೊಂಡ ಕಾರ್ಯಕ್ರಮ 1960ರ ಹೊತ್ತಿಗೆ ತನ್ನ ನೆಲೆ ಕಂಡುಕೊಂಡಿತು. ವಾರದ ರಾತ್ರಿಗಳಲ್ಲಿ ಮುಕ್ಕಾಲು ಗಂಟೆ. ಅದರ ಧ್ವನಿಮುದ್ರಣಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇಂಗ್ಲಿಷ್ ಅಷ್ಟು ಸಲೀಸಾಗಿ ಕಿವಿಗೆ ಬೀಳದ ನನಗೂ ಎರಡು ಮೂರು ಸಲ ಕೇಳಿದ ಮೇಲೆ ಅದರ ಲಯ ಹಿಡಿಯಿತು.

ಮೊದಲು ಎಡುವರ್ಡ್ ಸ್ಟ್ರೌಸ್ ಅವರ 'ಬಾನ್ ಫ್ರೈ' ಎಂಬ ಸಂಗೀತ. ಕುದುರೆ ರೇಸಿನ ಹಾಗೆ ಓಡುವ ಸಂಗೀತ ಅದು. ಅದು ಓಡುತ್ತಿರುವಾಗಲೇ ಶೆಪರ್ಡ್ ಅದರ ಮೇಲೆ ಮಾತು ಶುರು ಮಾಡಿಬಿಡುತ್ತಾರೆ. ನಿಮ್ಮ ಜೊತೆ ಹಿಂದಿನಿಂದಲೂ ಮಾತಾಡುತ್ತಿದ್ದು, ನಡುವೆ ಬಾಗಿಲು ತೆರೆದ ಹಾಗೆ. ಬೆಳಿಗ್ಗೆ ಕಂಡ ಏನೋ ಒಂದು ವಿಷಯ ಎತ್ತಿಕೊಳ್ಳುತ್ತಾರೆ. ಅದು ಇನ್ನೊಂದನ್ನು ನೆನಪಿಸುತ್ತದೆ. ನಡುವೆ ಬಾಯಿಗೆ ಮೋರ್ಸಿಂಗ್‌ನಂಥ ಪುಟ್ಟ ವಾದ್ಯ ಇಟ್ಟು ಡೊಂಯ್ ಡೊಂಯ್ ಅನ್ನಿಸುತ್ತಾರೆ. ಕಝೂ ಎಂಬ ಪುಟ್ಟ ವಾದ್ಯ ಊದುತ್ತಾರೆ. ಬೆರಳ ಗೆಣ್ಣಿನಿಂದ ತಮ್ಮ ತಲೆಯನ್ನೇ ಬಡಿದುಕೊಂಡು ತಾಳ ಹಾಕುತ್ತಾರೆ. ಆಮೇಲೆ ದನಿ ಇಳಿಯುತ್ತದೆ. ನಾನು ಚಿಕ್ಕ ಹುಡುಗ, ಚಳಿಗಾಲ, ಅಂತ ಶುರುವಾಗುತ್ತದೆ. ಕತೆಯೊಳಗೆ ಕತೆ, ಅದರೊಳಗೆ ಇನ್ನೊಂದು. ದಾರಿ ತಪ್ಪಿತು, ಇನ್ನು ಇದು ಮೊದಲಿನ ಜಾಗಕ್ಕೆ ಬರುವುದಿಲ್ಲ ಅಂತ ನಮಗೆ ಅನ್ನಿಸುತ್ತದೆ. ಗಡಿಯಾರದಲ್ಲಿ ಅರ್ಧ ನಿಮಿಷ ಉಳಿದಿರುತ್ತದೆ. ಮತ್ತೆ ಅದೇ ಕುದುರೆ ಸಂಗೀತ ಮೆಲ್ಲಗೆ ಏಳುತ್ತದೆ. ಎಲ್ಲ ಎಳೆಗಳನ್ನೂ ಒಂದೇ ಮಾತಿನಲ್ಲಿ ಗಂಟು ಹಾಕಿ ಅವರು ಎದ್ದು ಹೋಗುತ್ತಾರೆ.

ಹರಿಕತೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ ಅಲ್ವಾ? ದಾಸರು ದ್ರೌಪದಿಯ ಕತೆ ಹೇಳುತ್ತಾ ಊರಿನ ಸಂತೆಗೆ ಹೋಗಿ, ಅಲ್ಲಿಂದ ಯಾರದೋ ಮದುವೆಗೆ ಹೋಗಿ, ಮಂಗಳಾರತಿ ಹೊತ್ತಿಗೆ ಸರಿಯಾಗಿ ಸಭೆಗೆ ವಾಪಸ್ ಬರುತ್ತಾರಲ್ಲ, ಅದೇ ಜಾಣತನ. ಆದರೆ ದಾಸರ ಎದುರು ಜನ ಕೂತಿರುತ್ತಾರೆ. ನಗು ಕೇಳಿಸುತ್ತದೆ, ಆಕಳಿಕೆ ಕಾಣಿಸುತ್ತದೆ. ರೇಡಿಯೋದವರ ಎದುರು ಒಂದು ಗಾಜು, ಅದರಾಚೆ ಒಬ್ಬ ಎಂಜಿನಿಯರ್. ಅಷ್ಟೇ. ನಗು ಬಂತೋ ಇಲ್ಲವೋ ಗೊತ್ತಾಗದೆಯೇ ನಗಿಸಬೇಕು. ಇದು ಎಂಥ ಕಷ್ಟದ ಕೆಲಸ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಶೆಪರ್ಡ್ ಹೇಳಿದ್ದು ರಾಜರ ಕತೆ ಅಲ್ಲ. ಕೊರೆಯುವ ಚಳಿಯಲ್ಲಿ ಕಬ್ಬಿಣದ ಕಂಬಕ್ಕೆ ನಾಲಿಗೆ ಅಂಟಿಸಿಕೊಂಡ ಹುಡುಗ. ಬಾಯ್ಲರಿನ ಜೊತೆ ದಿನಾ ಜಗಳಕ್ಕೆ ನಿಲ್ಲುವ ಅಪ್ಪ. ಆ ಅಪ್ಪನಿಗೆ ಪಂದ್ಯವೊಂದರಲ್ಲಿ ಬಹುಮಾನವಾಗಿ ಬಂದ, ಹೆಣ್ಣಿನ ಕಾಲಿನ ಆಕಾರದ ದೀಪ. ಅದನ್ನು ಅಪ್ಪ ಹೆಮ್ಮೆಯಿಂದ ಬೀದಿ ಕಡೆಯ ಕಿಟಕಿಯಲ್ಲೇ ಇಡುತ್ತಾನೆ. ಅಮ್ಮನಿಗೆ ಜೀವ ಹೋದಷ್ಟು ನಾಚಿಕೆ. ಇದನ್ನು ಕೇಳುವಾಗ ಹ್ಯಾಮಂಡ್ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ನಮ್ಮ ಅಪ್ಪಂದಿರೂ ಹೀಗೆ ಏನೋ ಒಂದನ್ನು ಮನೆಗೆ ತಂದು ಅಮ್ಮಂದಿರ ಕೈಲಿ ಬೈಸಿಕೊಂಡವರೇ.

ನಗುವಿನ ಆಚೆಗೂ ಅವರಿಗೆ ಗೊತ್ತಿತ್ತು. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ನಡೆದ, ಕಪ್ಪು ಜನರ ಸಮಾನ ಹಕ್ಕಿಗಾಗಿನ ವಾಷಿಂಗ್ಟನ್ ನಡಿಗೆಗೆ ಶೆಪರ್ಡ್ ಹೋದರು. ವರದಿಗಾರನಾಗಿ ಅಲ್ಲ, ಎಲ್ಲರ ಹಾಗೆ ಬಸ್ ಹತ್ತಿ ಹೋದರು. ವಾಪಸ್ ಬಂದು ರೇಡಿಯೋದಲ್ಲಿ ಹೇಳಿದ್ದು ವೇದಿಕೆಯ ಮೇಲಿದ್ದವರ ವಿಷಯಕ್ಕಿಂತ ಜಾಸ್ತಿ, ಜೊತೆಯಲ್ಲಿ ಬಂದ ಜನರ ವಿಷಯ. ಆ ದಿನದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರೆದಿದ್ದಾರೆ. ಬಸ್ಸಿನೊಳಗೆ ಹೇಗಿತ್ತು ಅಂತ ತಿಳಿಯಬೇಕಾದರೆ ಇಂಥ ದನಿ ಬೇಕು.

ಉಳಿದದ್ದನ್ನು ಬೇಗ ಹೇಳುತ್ತೇನೆ. 1960ರ ದಶಕದಲ್ಲಿ ರೇಡಿಯೋದ ಕತೆಗಳೇ ಪತ್ರಿಕೆಗೆ ಬಂದವು. 1966ರಲ್ಲಿ 'ಇನ್ ಗಾಡ್ ವಿ ಟ್ರಸ್ಟ್: ಆಲ್ ಅದರ್ಸ್ ಪೇ ಕ್ಯಾಶ್' ಪುಸ್ತಕ. 1977ರಲ್ಲಿ ಡಬ್ಲ್ಯೂಓಆರ್ ಬಿಟ್ಟರು. 1983ರಲ್ಲಿ ಬಾಬ್ ಕ್ಲಾರ್ಕ್ ನಿರ್ದೇಶನದ 'ಎ ಕ್ರಿಸ್‌ಮಸ್ ಸ್ಟೋರಿ' ಬಂತು. ಅದರ ನಿರೂಪಣೆ ಶೆಪರ್ಡ್ ಅವರದೇ ದನಿ. ಕ್ಲಾರ್ಕ್ ಹೇಳುತ್ತಿದ್ದ ಒಂದು ಸಂಗತಿ ಇದೆ. ವರ್ಷಗಳ ಹಿಂದೆ ಗೆಳತಿಯನ್ನು ಕರೆದುಕೊಂಡು ಬರಲು ಕಾರಿನಲ್ಲಿ ಹೊರಟಿದ್ದಾಗ ರೇಡಿಯೋದಲ್ಲಿ ಶೆಪರ್ಡ್ ಕತೆ ಬರುತ್ತಿತ್ತು. ಕತೆ ಮುಗಿಯುವ ತನಕ ಕಾರು ನಿಲ್ಲಿಸಲು ಮನಸ್ಸಾಗದೆ ಅವಳ ಮನೆಯ ಸುತ್ತಲೇ ಸುತ್ತು ಹಾಕಿದರಂತೆ. ಆ ಸಿನಿಮಾ ಹುಟ್ಟಿದ್ದು ಅಲ್ಲಿ. ಈಗಲೂ ಅಮೆರಿಕದ ಟಿವಿಯಲ್ಲಿ ಕ್ರಿಸ್‌ಮಸ್ ಬಂದರೆ 24 ಗಂಟೆ ಅದೇ ಸಿನಿಮಾ ಮತ್ತೆ ಮತ್ತೆ ಹಾಕುತ್ತಾರೆ. ಶೆಪರ್ಡ್ 1999ರ ಅಕ್ಟೋಬರ್ 16ರಂದು ಫ್ಲಾರಿಡಾದಲ್ಲಿ ತೀರಿಕೊಂಡರು. 2005ರಲ್ಲಿ ಅಲ್ಲಿನ ರೇಡಿಯೋ ಸಾಧಕರನ್ನು ಗೌರವಿಸುವ ರಾಷ್ಟ್ರೀಯ ರೇಡಿಯೋ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು.

ಅವರು ಸಂತರಾಗಿರಲಿಲ್ಲ. ಸಲಿಗೆ ಕೊಡುವ ಮನುಷ್ಯ ಅಲ್ಲ. ತಮ್ಮ ಬಾಲ್ಯದ ಬಗ್ಗೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು. ಊರಿಗೆಲ್ಲ ಅಪ್ಪ ಮಗನ ಕತೆ ಹೇಳಿದವರು ತಮ್ಮ ಸ್ವಂತ ಮಕ್ಕಳಿಂದ ದೂರ ಉಳಿದರು. ಇದನ್ನು ಓದಿದಾಗ ನನಗೆ ನೋವಾಯಿತು. ಮುಚ್ಚಿಟ್ಟು ಹೊಗಳಲು ಮನಸ್ಸು ಬರಲಿಲ್ಲ, ಅದಕ್ಕೆ ಬರೆದೆ.

ಆದರೆ ಈ ಪತ್ರಕ್ಕೆ ಬೇಕಾದ ಸಂಗತಿ ಬೇರೆ ಇದೆ. ಕೊನೆಗಾಲದಲ್ಲಿ ಶೆಪರ್ಡ್ ತಮ್ಮ ರೇಡಿಯೋ ಕೆಲಸವನ್ನೇ ಲಘುವಾಗಿ ಮಾತಾಡಿಬಿಟ್ಟರು. ಅದೊಂದು ಕೆಲಸ, ಮಾಡಿದೆ, ಮುಗಿಯಿತು ಅನ್ನುವ ಧಾಟಿ. ನನ್ನನ್ನು ಲೇಖಕ ಅಂತ ನೋಡಿ, ಸಿನಿಮಾದವನು ಅಂತ ನೋಡಿ ಅನ್ನುತ್ತಿದ್ದರು. ಕೇಂದ್ರದವರಿಗೂ ಅದು ದಿನದಿನದ ಕಾರ್ಯಕ್ರಮ. ಇವತ್ತಿನದು ಮುಗಿದರೆ ನಾಳೆಯದು. ಹೇಳಿದವರಿಗೂ ಬೇಡ, ಹೇಳಿಸಿದವರಿಗೂ ಬೇಡ. ಹಾಗಾದರೆ ನಾನು ಇಷ್ಟು ದೂರದಲ್ಲಿ, ಇಷ್ಟು ವರ್ಷ ಆದಮೇಲೆ, ಅದನ್ನು ಹೇಗೆ ಕೇಳಿದೆ?

ಕೇಳುಗರು ಉಳಿಸಿದರು. ಇವತ್ತು ಸಿಗುವ ಆ ಕಾರ್ಯಕ್ರಮಗಳಲ್ಲಿ ಬಹುಪಾಲು ಜನ ಮನೆಯಲ್ಲಿ ಕೂತು ಟೇಪ್ ಮಾಡಿಕೊಂಡವು. ಕಾಲು ಇಂಚು ಅಗಲದ ಟೇಪು, 1200 ಅಡಿಯ ಸ್ಪೂಲು. ಸೆಕೆಂಡಿಗೆ 7.5 ಇಂಚು ಓಡಿಸಿದರೆ ಅರ್ಧ ಗಂಟೆ ಬರುತ್ತದೆ. 3.75 ಇಂಚಿಗೆ ಇಳಿಸಿದರೆ ದನಿ ಸ್ವಲ್ಪ ಮಂಕಾದರೂ ಒಂದು ಗಂಟೆ ಬರುತ್ತದೆ, ಮುಕ್ಕಾಲು ಗಂಟೆಯ ಕಾರ್ಯಕ್ರಮ ಸ್ಪೂಲು ಬದಲಾಯಿಸದೆ ಹಿಡಿಸುತ್ತದೆ. ಸ್ಕೂಲು ಕಾಲೇಜಿನ ಹುಡುಗರು ಹೀಗೆ ಲೆಕ್ಕ ಹಾಕಿ ಹಿಡಿದಿಟ್ಟರು. ಕೆಲವು ಟೇಪುಗಳಲ್ಲಿ ಕರಕರ ಸದ್ದು, ಕೆಲವಕ್ಕೆ ಶುರುವಿನ ಎರಡು ನಿಮಿಷ ಇಲ್ಲ, ಕೆಲವಕ್ಕೆ ಕೊನೆ ಇಲ್ಲ. ಮುಂದೆ ಇವನ್ನೆಲ್ಲ ಒಬ್ಬರಿಗೊಬ್ಬರು ಹಂಚಿಕೊಂಡರು. ನ್ಯೂಯಾರ್ಕಿನ ಡಬ್ಲ್ಯೂಬಿಎಐ ಕೇಂದ್ರದಲ್ಲಿ ಮ್ಯಾಕ್ಸ್ ಶ್ಮಿಡ್ ಎಂಬ ನಿರೂಪಕರು ಅವನ್ನು ಮತ್ತೆ ಬಿತ್ತರಿಸಿದರು. ಇವತ್ತು ಹುಡುಕಿದರೆ ನೂರಾರು ರಾತ್ರಿಗಳು ಸಿಗುತ್ತವೆ.

ಕೇಂದ್ರಗಳ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಆಗ ಟೇಪಿಗೆ ಬೆಲೆ ಜಾಸ್ತಿ. ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದು ಹಾಕುವುದು ಎಲ್ಲ ದೇಶದ ರೇಡಿಯೋಗಳಲ್ಲೂ ಇದ್ದ ಪದ್ಧತಿ. ಹೊಟ್ಟೆಪಾಡಿನ ಹಾಗೆ ಅದು ಟೇಪುಪಾಡು. ಆದರೆ ಆ ಕಾಲ ಹೋಯಿತು. ಸಾವಿರ ಗಂಟೆಯ ಮಾತು ಈಗ ಅಂಗೈಯಲ್ಲಿ ಹಿಡಿಯುವ ಡ್ರೈವ್‌ನಲ್ಲಿ ಕೂರುತ್ತದೆ. ಈಗ ಕೊರತೆ ಇರುವುದು ಟೇಪಿಗೆ ಅಲ್ಲ, ಕಾಲಕ್ಕೆ. ಹಳೇ ಅಸಿಟೇಟ್ ಟೇಪು ಕೆಡುವಾಗ ವಿನಿಗರ್ ವಾಸನೆ ಬರುತ್ತದೆ. ಡಬ್ಬಿ ತೆರೆದಾಗ ಹುಳಿ ಹುಳಿ ವಾಸನೆ ಹೊಡೆದರೆ ಅದನ್ನು ಎಲ್ಲಕ್ಕಿಂತ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಅಂತ ಅರ್ಥ. 1970, 80ರ ದಶಕದ ಕೆಲವು ಟೇಪುಗಳು ಗಾಳಿಯ ತೇವ ಹೀರಿ ಅಂಟಂಟಾಗುತ್ತವೆ, ಮೆಷೀನಿಗೆ ಹಾಕಿದರೆ ಕಿರುಚುತ್ತವೆ. ಅವನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ತಣ್ಣಗಾದ ಮೇಲೆ ಓಡಿಸಿ, ಒಂದೇ ಸಲಕ್ಕೆ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ನಮ್ಮ ಮಳೆಗಾಲ ಗೊತ್ತಲ್ಲ. ಒಂದೊಂದು ಮಳೆಗಾಲ ಕಳೆದ ಹಾಗೂ ಒಂದಿಷ್ಟು ದನಿ ಹೋಗುತ್ತದೆ.

ಕನ್ನಡಕ್ಕೂ ರೇಡಿಯೋದ ನಗುವಿಗೂ ನಂಟು ಬಹಳ ಹಳೆಯದು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಅನ್ನುವ ಹೆಸರು ಸೂಚಿಸಿದವರು ನಾ. ಕಸ್ತೂರಿ ಅಂತ ಹೇಳುತ್ತಾರೆ. ಕನ್ನಡದ ದೊಡ್ಡ ಹಾಸ್ಯ ಲೇಖಕರು ಅವರು. ಇಡೀ ದೇಶ ಆಮೇಲೆ ಬಳಸಿದ ಹೆಸರಿನ ಹಿಂದೆ ನಗಿಸುವ ಒಬ್ಬ ಮನುಷ್ಯ ಇದ್ದರು ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ಇನ್ನು ನನ್ನ ಮನೆಯ ಮಾತು. ನನ್ನ ಸೋದರಮಾವ ಪ್ರೈಮರಿ ಸ್ಕೂಲು ಮೇಷ್ಟ್ರು. ವರ್ಷಕ್ಕೆ ಎರಡೋ ಮೂರೋ ಸಲ ರೇಡಿಯೋದಲ್ಲಿ ಹಾಸ್ಯ ಭಾಷಣ ಮಾಡುತ್ತಿದ್ದರು. ಹದಿನೈದು ನಿಮಿಷದ್ದು. ಪೋಸ್ಟಿನಲ್ಲಿ ಕಾಂಟ್ರಾಕ್ಟ್ ಪತ್ರ ಬಂದ ದಿನದಿಂದ ಮನೆಯಲ್ಲಿ ಹಬ್ಬ. ಅವರು ಬರೆದದ್ದನ್ನು ಗಡಿಯಾರ ಎದುರಿಗಿಟ್ಟುಕೊಂಡು ಹತ್ತಾರು ಸಲ ಓದುತ್ತಿದ್ದರು. ಹಾಳೆಗಳಿಗೆ ಪಿನ್ನು ಹೊಡೆಯುತ್ತಿರಲಿಲ್ಲ. ಒಂದು ಹಾಳೆ ಓದಿ ಮುಗಿಯುತ್ತಾ ಬಂದಾಗ ಎಡಗೈಯಿಂದ ಅದನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ಎತ್ತಬಾರದು, ಮಗುಚಬಾರದು. ಮೈಕು ಹಾಳೆಯ ಸದ್ದನ್ನು ಮೊದಲು ಹಿಡಿಯುತ್ತೆ ಕಣೋ, ಆಮೇಲೆ ನಮ್ಮ ಮಾತು ಅನ್ನುತ್ತಿದ್ದರು. ನಗಿಸುವ ಸಾಲಿಗಿಂತ ಮೊದಲು ಒಂದು ಕ್ಷಣ ಸುಮ್ಮನಾಗುವುದಕ್ಕೂ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಗುರುತು ಇರುತ್ತಿತ್ತು.

ಅವರು ಹೋದ ಮೇಲೆ ನಾವು ಒಂದು ಕೇಂದ್ರಕ್ಕೆ ಹೋಗಿ ಕೇಳಿದೆವು. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ, ರಿಜಿಸ್ಟರು ನೋಡಿ, ಆ ಟೇಪುಗಳನ್ನು ಬೇರೆ ಕಾರ್ಯಕ್ರಮಕ್ಕೆ ಬಳಸಿಬಿಟ್ಟಿದ್ದಾರೆ ಅಂದರು. ಅವರ ಮುಖದಲ್ಲೂ ಬೇಜಾರಿತ್ತು. ಮಾವನ ಪೆಟ್ಟಿಗೆಯಲ್ಲಿ ಬರೆದ ಹಾಳೆಗಳೂ ಉಳಿದಿರಲಿಲ್ಲ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಲೈಬ್ರರಿಯ ಕಪಾಟುಗಳಲ್ಲಿ ಲೇಬಲ್ ಬಿದ್ದುಹೋದ ಡಬ್ಬಿಗಳಿದ್ದರೆ ಒಂದು ಸಲ ಓಡಿಸಿ ನೋಡಿ. ದೊಡ್ಡ ಹೆಸರಿನವರದ್ದನ್ನು ಹೇಗೂ ಯಾರಾದರೂ ಉಳಿಸುತ್ತಾರೆ. ಯಾವುದೋ ತಾಲ್ಲೂಕಿನಿಂದ ಬಸ್ಸಿನಲ್ಲಿ ಬಂದು ಹದಿನೈದು ನಿಮಿಷ ಮಾತಾಡಿ ಹೋದ ಮೇಷ್ಟ್ರು, ರೈತ, ಪೋಸ್ಟ್‌ಮ್ಯಾನ್, ಗೃಹಿಣಿಯರ ದನಿಯನ್ನು ನೀವೇ ಉಳಿಸಬೇಕು. ಅವರ ಮಾತಿನಲ್ಲಿ ಆ ಊರಿನ ಕನ್ನಡ ಇರುತ್ತದೆ, ಬಯ್ಗುಳ ಇರುತ್ತದೆ, ಆಗ ಜನ ಯಾವುದಕ್ಕೆ ನಗುತ್ತಿದ್ದರು ಅನ್ನುವುದು ಇರುತ್ತದೆ. ಕೇಳುಗರ ಹತ್ತಿರವೂ ಕೇಳಿ. ಮನೆಯಲ್ಲಿ ರೇಡಿಯೋದಿಂದ ತುಂಬಿಕೊಂಡ ಕ್ಯಾಸೆಟ್ ಇದ್ದರೆ ತನ್ನಿ, ಪ್ರತಿ ಮಾಡಿಕೊಂಡು ವಾಪಸ್ ಕೊಡುತ್ತೇವೆ ಅಂತ ದಿನಾ ಒಂದು ಪ್ರಕಟಣೆ ಹೇಳಿ. ಎಷ್ಟು ಬರುತ್ತವೆ ನೋಡಿ.

ಇನ್ನೊಂದು ಮಾತು, ಎಫ್‌ಎಂನವರಿಗೆ. ರಾತ್ರಿ ಹತ್ತೂವರೆಯ ಮೇಲೆ ವಾರಕ್ಕೊಂದು ಸಲ, ಒಬ್ಬರೇ ಒಬ್ಬರಿಗೆ ಮುಕ್ಕಾಲು ಗಂಟೆ ಕೊಡಿ. ಹಾಡು ಬೇಡ, ಫೋನ್ ಕಾಲ್ ಬೇಡ, ನಡುವೆ ನಗುವಿನ ಸೌಂಡ್ ಎಫೆಕ್ಟ್ ಬೇಡ. ಮೊದಲ ಆರು ತಿಂಗಳು ಲೆಕ್ಕ ನೋಡಬೇಡಿ. ಕತೆ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಸಿಗುತ್ತಿರುವುದು ಎರಡು ಹಾಡಿನ ನಡುವಿನ ಒಂದು ನಿಮಿಷ. ಒಂದು ನಿಮಿಷದಲ್ಲಿ ಜೋಕು ಹೇಳಬಹುದು, ಕತೆ ಹೇಳಲು ಆಗುವುದಿಲ್ಲ.

ಮಾವನ ದನಿ ಪೂರ್ತಿ ಹೋಗಲಿಲ್ಲ. ಅತ್ತೆ ಒಂದೇ ಒಂದು ಸಲ ಅಡುಗೆಮನೆಯ ಟೇಪ್ ರೆಕಾರ್ಡರಿನಲ್ಲಿ ಅವರ ಭಾಷಣ ಹಿಡಿದಿದ್ದರು. ಕ್ಯಾಸೆಟ್ಟಿನ ಆ ಬದಿಯಲ್ಲಿ ಆಗಲೇ ಭಜನೆ ಇತ್ತು. ಅದನ್ನು ಅಳಿಸಲು ಅತ್ತೆಗೆ ಮನಸ್ಸು ಬರಲಿಲ್ಲ, ಉಳಿದ ಜಾಗದಲ್ಲಿ ತುಂಬಿದರು. ಕಳೆದ ತಿಂಗಳು ಅದನ್ನು ಕಂಪ್ಯೂಟರಿಗೆ ಹಾಕಿಸಿದೆ. ಹನ್ನೊಂದು ನಿಮಿಷ ಇದೆ. ನಡುವೆ ಎರಡು ಸಲ ಕುಕ್ಕರ್ ಕೂಗುತ್ತದೆ. ಮೂರು ಕಡೆ ಅತ್ತೆಯ ನಗು ಕೇಳಿಸುತ್ತದೆ. ಸ್ಕೂಲು ತಪಾಸಣೆಗೆ ಬಂದ ಇನ್ಸ್‌ಪೆಕ್ಟರ ಕೊಡೆಯೂ ಹೆಡ್‌ಮಾಸ್ಟರ ಕೊಡೆಯೂ ಅದಲು ಬದಲಾದ ಕತೆ ಅದು. ಇನ್ಸ್‌ಪೆಕ್ಟರು ಗೇಟಿನ ಹತ್ತಿರ ಬರುತ್ತಾರೆ, ಮಳೆ ಶುರುವಾಗುತ್ತದೆ, ಕೊಡೆ ಬಿಚ್ಚುತ್ತಾರೆ, ಅದರೊಳಗಿಂದ... ಅಲ್ಲಿಗೆ ಟೇಪು ಮುಗಿಯುತ್ತದೆ.

ಕೊಡೆಯೊಳಗೆ ಏನಿತ್ತು ಅಂತ ಅತ್ತೆಯನ್ನು ಕೇಳಿದೆ. ತುಂಬಾ ನಕ್ಕಿದ್ದು ನೆನಪಿದೆ, ಯಾಕೆ ನಕ್ಕಿದ್ದು ಅಂತ ನೆನಪಿಲ್ಲ ಅಂದರು.

ಆ ಹನ್ನೊಂದು ನಿಮಿಷದ ಪ್ರತಿಯನ್ನು ನಿಮ್ಮಲ್ಲಿ ಯಾರು ಕೇಳಿದರೂ ಕಳಿಸುತ್ತೇನೆ. ಉಳಿದ ನಾಲ್ಕು ನಿಮಿಷ ನಿಮ್ಮ ಯಾವುದಾದರೂ ಕಪಾಟಿನಲ್ಲಿ ಇದ್ದರೆ, ದಯವಿಟ್ಟು ಹುಡುಕಿ ಕೊಡಿ. ಅತ್ತೆಗೆ ಈಗ ಎಂಬತ್ತೆರಡು ವರ್ಷ.

ಇಂತಿ,
ನಿಮ್ಮ ಕೇಳುಗ